ಹಂಪ್ ಹಾಕಿಸೋಕೆ ಮುಂಚೆ ಇದೊಂದು ಓದಿ

ಅಕ್ಕಾ, ನಿಮ್ಮ ಪೋಸ್ಟ್ ನಿನ್ನೆ ರಾತ್ರೀನೇ ನೋಡಿದೆ. ಮನೆ ಮುಂದಿನ ಜಲ್ಲಿ ರೋಡಲ್ಲಿ ಕ್ರಷರ್ ಟಿಪ್ಪರ್‌ಗಳು ಎದ್ದೂ ಬಿದ್ದೂ ಓಡ್ತಾವೆ, ಹೋದ ವಾರ ಕರು ಹಗ್ಗ ಕಿತ್ಕೊಂಡು ರೋಡಿಗೆ ಬಂದು ಚಕ್ರಕ್ಕೆ ಸಿಕ್ತು, ನಮ್ಮನೆಯವರು ಜೆಸಿಬಿ ಕರೆಸಿ ಎರಡು ಕಡೆ ಹಂಪ್ ಹಾಕಿಸ್ತೀನಿ ಅಂತ ಕೂತಿದ್ದಾರೆ, ಸರೀನಾ ಅಂತ ಕೇಳಿದ್ರಿ. ಕೆಳಗೆ ಎಲ್ಲರೂ ‘ಹಾಕ್ಸಿ, ಬುದ್ಧಿ ಬರ್ಲಿ’ ಅಂತಾನೇ ಬರೆದಿದ್ದಾರೆ. ನಾನು ಬೇಡ ಅಂತೀನಿ. ಹಾಕ್ಸಿ ಕೈ ಸುಟ್ಕೊಂಡವನು ನಾನು.

ನಮ್ಮದು ಶಿಡ್ಲಘಟ್ಟ ಕಡೆ, ರೋಡ್ ಪಕ್ಕಕ್ಕೇ ರೇಷ್ಮೆ ಹುಳಕ್ಕೆ ಸೊಪ್ಪು ಬೆಳೆಯೋ ಹಿಪ್ಪುನೇರಳೆ ತೋಟ. ಮೂರು ವರ್ಷದ ಹಿಂದೆ ನಿಮ್ಮ ಹಾಗೇ ಸಿಟ್ಟು ಬಂದು ಎರಡು ಟ್ರ್ಯಾಕ್ಟರ್ ಗ್ರಾವೆಲ್ ತರಿಸಿ ರೋಡಿಗೆ ಅಡ್ಡ ಸುರಿಸಿದ್ವಿ. ಒಂದು ವಾರ ಟಿಪ್ಪರ್‌ಗಳು ಮೆತ್ತಗಾದ್ವು. ಆಮೇಲೆ ಒಂದು ಕಡೆ ಚಕ್ರ ಚರಂಡಿಗಿಳಿಸಿ ಹಂಪಿನ ಪಕ್ಕದಲ್ಲೇ ದಾರಿ ಮಾಡ್ಕೊಂಡ್ವು. ಚರಂಡಿ ಮುಚ್ಚಿಹೋಯ್ತು, ಮುಂಗಾರಿನ ನೀರು ರೋಡ್ ಮೇಲೇ ಹರೀತು. ಅದೇ ತಿಂಗಳು ರಾತ್ರಿ ಸೊಪ್ಪಿನ ಹೊರೆ ಕಟ್ಕೊಂಡು ಬೈಕಲ್ಲಿ ಬರ್ತಿದ್ದ ಪಕ್ಕದ ತೋಟದ ಹುಡುಗ ಹಂಪ್ ಕಾಣದೆ ಬಿದ್ದ, ಕಾಲರ್ ಬೋನ್ ಮುರೀತು. ಅವರಮ್ಮ ಇವತ್ತಿಗೂ ನಮ್ಮನೆ ಕಡೆ ಮುಖ ಎತ್ತಿ ನೋಡಲ್ಲ.

ಕಾನೂನು ನೋಡಿದ್ರೂ ಅಷ್ಟೇ. ಸಾರ್ವಜನಿಕ ದಾರಿಗೆ ಅಡ್ಡಿ ಮಾಡಿದ್ರೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 285ರಲ್ಲಿ 5,000 ರೂಪಾಯಿವರೆಗೆ ದಂಡ. ದಂಡ ಹಾಳಾಗಿ ಹೋಗ್ಲಿ, ಯಾರಾದ್ರೂ ಬಿದ್ದು ಜೀವ ಹೋದ್ರೆ ಪೊಲೀಸರು ಮೊದಲು ಕೇಳೋದು ಹಂಪ್ ಹಾಕಿದ್ದು ಯಾರು ಅಂತ. ರಸ್ತೆ ಅಳತೆಗಳನ್ನ ಗೊತ್ತು ಮಾಡೋ ಸಂಸ್ಥೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಪ್ರಕಾರ ಹಂಪ್ ಅಂದ್ರೆ ಗಾಡಿ ಹೋಗೋ ದಿಕ್ಕಲ್ಲಿ 3.7 ಮೀಟರ್ ಉದ್ದಕ್ಕೆ 10 ಸೆಂಟಿಮೀಟರ್ ಎತ್ತರ, ದುಂಡಗೆ, ಗಂಟೆಗೆ 25 ಕಿಲೋಮೀಟರಲ್ಲಿ ದಾಟೋ ಹಾಗೆ. ಸಡಿಲ ಜಲ್ಲಿಯಲ್ಲಿ ಆ ಆಕಾರ ನಿಲ್ಲೋದೇ ಇಲ್ಲ. ಜೆಸಿಬಿಯವನು ಹಾಕಿಕೊಡೋದು ಹಂಪಲ್ಲ, ಬದು.

ಮೊದಲು ಮಾಡಬೇಕಾದ್ದು ವೇಗ ಅಳೆಯೋದು. ‘ನೂರರಲ್ಲಿ ಬರ್ತಾರೆ ಸಾರ್’ ಅಂತ ಹೋಗಿ ಹೇಳಿದ್ರೆ ಯಾರೂ ತಲೆಗೆ ಹಾಕ್ಕೊಳಲ್ಲ. ರೋಡ್ ಅಂಚಲ್ಲಿ ಟೇಪ್ ಹಿಡಿದು 50 ಮೀಟರ್ ಅಳೆದು ಎರಡು ಕಲ್ಲಿಗೆ ಸುಣ್ಣ ಬಳೀರಿ. ಫೋನಲ್ಲಿ ಸ್ಟಾಪ್‌ವಾಚ್ ಇದೆಯಲ್ಲ, ಮುಂದಿನ ಚಕ್ರ ಒಂದು ಕಲ್ಲಿಂದ ಇನ್ನೊಂದಕ್ಕೆ ಬರೋವರೆಗೆ ಎಣಿಸಿ. 3 ಸೆಕೆಂಡ್ ಆದ್ರೆ 60 ಕಿಲೋಮೀಟರ್, ನಾಲ್ಕೂವರೆ ಆದ್ರೆ 40, 6 ಆದ್ರೆ 30. ಮೂರು ದಿನ ಬೆಳಿಗ್ಗೆ ಸಂಜೆ ಬರೆದಿಡಿ: ಟೈಮು, ಯಾವ ಗಾಡಿ, ಲೋಡಾ ಖಾಲೀನಾ. ನಮ್ಮ ಲೆಕ್ಕದಲ್ಲಿ ಜೋರಾಗಿ ಬರ್ತಿದ್ದದ್ದು ಲೋಡ್ ಟಿಪ್ಪರ್ ಅಲ್ಲ, ಅನ್‌ಲೋಡ್ ಮಾಡಿ ವಾಪಸ್ ಬರೋ ಖಾಲಿ ಟಿಪ್ಪರ್. ಇನ್ನೊಂದು, ಹೇಳೋಕೆ ನಾಚಿಕೆ, ನಮ್ಮೂರ ಹುಡುಗರ ಬೈಕ್‌ಗಳು.

ಈ ಲೆಕ್ಕ ಯಾಕೆ ಬೇಕು ಅಂದ್ರೆ, 60ರಲ್ಲಿ ಬರೋ ಗಾಡಿ ಒಣ ಡಾಂಬರಲ್ಲಿ ಡ್ರೈವರ್ ನೋಡಿ ಬ್ರೇಕ್ ಒತ್ತಿ ನಿಲ್ಲೋಕೆ ಸುಮಾರು 45 ಮೀಟರ್ ತಗೊಂಡ್ರೆ, ಸಡಿಲ ಜಲ್ಲಿ ಮೇಲೆ 60 ಮೀಟರ್ ಹತ್ತಿರ ಬೇಕು. ಅದೇ 30ರಲ್ಲಿ ಬಂದ್ರೆ ಜಲ್ಲಿ ಮೇಲೂ 20 ಚಿಲ್ಲರೆ ಮೀಟರಿಗೆ ನಿಲ್ಲುತ್ತೆ. ಇನ್ನು ಆ ತಗಡಿನ ಶೀಟ್ ತರ ಅಲೆ ಅಲೆ ಎದ್ದಿರೋ ಜಾಗ ಇದೆಯಲ್ಲ, ಅಲ್ಲಿ ನಿಧಾನಕ್ಕೆ ಹೋದ್ರೆ ಹಲ್ಲು ಕಟಕಟ ಅನ್ನುತ್ತೆ, ಜೋರಾಗಿ ಹೋದ್ರೆ ನೈಸ್ ಅನ್ಸುತ್ತೆ. ಅದಕ್ಕೇ ಡ್ರೈವರ್‌ಗಳು ಅಲ್ಲೇ ಆಕ್ಸಿಲರೇಟರ್ ಒತ್ತೋದು. ನೈಸ್ ಅನ್ಸೋದು ಯಾಕೆ ಅಂದ್ರೆ ಚಕ್ರ ಅಲೆಯ ನೆತ್ತಿ ಮುಟ್ಕೊಂಡು ಹಾರ್ತಿರುತ್ತೆ, ನೆಲ ಸರಿಯಾಗಿ ಹಿಡಿದಿರಲ್ಲ. ಆ ಗಳಿಗೆಯಲ್ಲಿ ಕರು ಅಡ್ಡ ಬಂದ್ರೆ ಬ್ರೇಕೂ ಇಲ್ಲ, ಸ್ಟೇರಿಂಗೂ ಇಲ್ಲ. ಅಲೆ ಹುಟ್ಟಿಸೋದೂ ವೇಗವೇ. ಹಂಪ್ ಹಾಕಿದ್ರೆ ಅದರ ಎರಡೂ ಕಡೆ ಬ್ರೇಕ್ ಒತ್ತಿ, ಮತ್ತೆ ಎಳೆದು, ಇನ್ನೂ ಜಾಸ್ತಿ ಅಲೆ ಏಳುತ್ತೆ.

ನಿಮ್ಮ ಫೋಟೋದಲ್ಲಿ ನನಗೆ ಕಣ್ಣಿಗೆ ಹೊಡೆದಿದ್ದು ಬೇರೆ. ಮನೆಗಿಂತ ಮುಂಚೆ ಬರೋ ತಿರುವಲ್ಲಿ ಒಳಗಡೆ ಬಳ್ಳಾರಿ ಜಾಲಿ ದಟ್ಟವಾಗಿ ಬೆಳೆದಿದೆ. ಟಿಪ್ಪರ್ ಡ್ರೈವರ್ ಎತ್ತರದಲ್ಲಿ ಕೂತಿರ್ತಾನೆ, ಅವನಿಗೆ ಪೊದೆ ಮೇಲಿಂದ ರೋಡು ಕಾಣುತ್ತೆ, ಖಾಲಿ ಇದೆ ಅಂದ್ಕೊಂಡು ಬರ್ತಾನೆ. ಪೊದೆ ಪಕ್ಕ ನಡೆಯೋ ಮಗು, ಕರು, ಹಾಲಿನ ಕ್ಯಾನ್ ಹಿಡಿದ ನೀವು, ಯಾರೂ ಕಾಣಲ್ಲ. ಒಂದು ಕೆಲಸ ಮಾಡಿ. ನಿಮ್ಮ ಗೇಟ್ ಹತ್ರ ಒಬ್ಬರು ಕುಕ್ಕರಗಾಲಲ್ಲಿ ಕೂತ್ಕೊಳ್ಳಿ, ಮಗುವಿನ ಎತ್ತರಕ್ಕೆ. ಇನ್ನೊಬ್ಬರು ತಿರುವಿನ ಕಡೆ ಹೆಜ್ಜೆ ಎಣಿಸ್ತಾ ನಡೀಲಿ. ಎಷ್ಟು ಹೆಜ್ಜೆಗೆ ಮರೆಯಾದ್ರು ಅಂತ ನೋಡಿ. ನಮ್ಮಲ್ಲಿ 30 ಹೆಜ್ಜೆಗೇ ಮರೆಯಾಗಿದ್ರು, ಅಂದ್ರೆ 20 ಮೀಟರ್ ಆಸುಪಾಸು. 60ರಲ್ಲಿ ಬರೋನು ಏನು ಮಾಡಿದ್ರೂ ನಿಲ್ಲಿಸೋಕಾಗಲ್ಲ. ಜಾಲಿ ಬುಡಸಮೇತ ಕೀಳಿಸಿದ್ವಿ (ಕಡಿದು ಬಿಟ್ರೆ ಮಳೆ ಬಿದ್ದ ಮೇಲೆ ಡಬಲ್ ಆಗಿ ಬರುತ್ತೆ), ತಿರುವಿನ ಹುಣಸೆ ಮರದ ಕೆಳಗಿನ ಕೊಂಬೆ ಸವರಿಸಿದ್ವಿ. ಆಳು ಕೂಲಿ, ಒಂದು ದಿನದ ಟ್ರ್ಯಾಕ್ಟರ್, ಅಷ್ಟೇ ಖರ್ಚು. ಮರ ಮಾತ್ರ ಕಡೀಬೇಡಿ, ಅದಕ್ಕೆ ಅರಣ್ಯ ಇಲಾಖೆ ಪರ್ಮಿಷನ್ ಬೇಕು. ಕಾಂಡಕ್ಕೆ ಸುಣ್ಣ ಬಳಿದು ನಡುವೆ ಒಂದು ಕೆಂಪು ಪಟ್ಟೆ ಹೊಡೆಸಿ, ರಾತ್ರಿ ಲೈಟಿಗೆ ಚೆನ್ನಾಗಿ ಕಾಣುತ್ತೆ.

ಇಲ್ಲಿ ಒಂದು ತೊಡಕಿದೆ. ನೋಟ ತೆರೆದುಕೊಂಡ್ರೆ ಕೆಲವರು ಇನ್ನೂ ಜೋರಾಗಿ ಬರ್ತಾರೆ. ಅದಕ್ಕೆ ತಿರುವು ದಾಟಿ ನಿಮ್ಮ ಮನೆ ಶುರುವಾಗೋ ಕಡೆ ಎರಡೂ ಅಂಚಿಗೆ, ರೋಡ್ ಬಿಟ್ಟು ಹೊರಗೆ, ಸುಣ್ಣ ಬಳಿದ ಕಲ್ಲು ಸಾಲಾಗಿ ನಿಲ್ಲಿಸಿ. ರೋಡು ಕಿರಿದಾದ ಹಾಗೆ ಕಂಡ್ರೆ ಕಾಲು ತಾನಾಗೇ ಆಕ್ಸಿಲರೇಟರ್ ಬಿಡುತ್ತೆ. ಪಂಚಾಯ್ತಿಗೆ ಒಂದು ಮಾತು ಹೇಳಿ ನಿಲ್ಲಿಸಿ, ಆಮೇಲೆ ತಕರಾರು ಬೇಡ.

ರೋಡಿನ ಮೈಕಟ್ಟು ಬಗ್ಗೆ ಚಿಕ್ಕದಾಗಿ ಹೇಳ್ತೀನಿ. ಮುಂದಿನ ಸಲ ಗ್ರೇಡಿಂಗ್‌ಗೆ ಬಂದಾಗ ಮಟ್ಟಸ ಮಾಡೋಕೆ ಬಿಡಬೇಡಿ. ಗ್ರಾಮೀಣ ರಸ್ತೆ ಕೈಪಿಡಿ ಪ್ರಕಾರ ಗ್ರಾವೆಲ್ ರೋಡಿಗೆ ನಡು ಭಾಗದಿಂದ ಅಂಚಿಗೆ ನೂರಕ್ಕೆ ಮೂರೂವರೆಯಿಂದ ನಾಲ್ಕು ಇಳಿಜಾರು ಬೇಕು. 3 ಮೀಟರ್ ರೋಡಾದ್ರೆ ನಡು ಅಂಚಿಗಿಂತ ಸುಮಾರು 6 ಸೆಂಟಿಮೀಟರ್ ಎತ್ತರ. ಬರೀ ಜಲ್ಲಿ ಸುರಿದು ಹೋದ್ರೆ ಗೋಲಿ ಮೇಲೆ ಓಡಿದ ಹಾಗೆ. ಅದಕ್ಕೆ ಅಂಟು ಇರೋ ಗ್ರಾವೆಲ್ ಮಣ್ಣು ಬೆರೆಸಿ, ಹಸಿ ಇದ್ದಾಗಲೇ ರೋಲರ್ ಹೊಡೀಬೇಕು.

ಈಗ ಟಿಪ್ಪರ್ ವಿಚಾರ. ಡ್ರೈವರ್‌ನ ತಡೆದು ಬೈದು ಪ್ರಯೋಜನ ಇಲ್ಲ, ಅವನ ದುಡ್ಡು ಟ್ರಿಪ್ ಲೆಕ್ಕ. ಒಂದು ಟ್ರಿಪ್ ಕಮ್ಮಿ ಆದ್ರೆ ಅವನ ಹೊಟ್ಟೆಗೆ ಹೊಡೆತ. ಮಾತಾಡಬೇಕಾದ್ದು ಕ್ರಷರ್ ಓನರ್ ಹತ್ರ, ಅದೂ ನಾಲ್ಕು ಮನೆಯವರು ಒಟ್ಟಿಗೆ ಹೋಗಿ, ನಿಮ್ಮ ವೇಗದ ಪುಸ್ತಕ ಕೈಲಿಟ್ಕೊಂಡು. ನಾವು ಮೂರೇ ಕೇಳಿದ್ವಿ. ಬೆಳಿಗ್ಗೆ ಡೈರಿ ಹೊತ್ತಲ್ಲಿ, ಸ್ಕೂಲ್ ಹುಡುಗರು ಹೋಗೋ ಹೊತ್ತಲ್ಲಿ ಗಾಡಿ ಬಿಡಬೇಡಿ. ಮನೆಗಳಿರೋ ಅರ್ಧ ಕಿಲೋಮೀಟರ್ 25 ದಾಟಬಾರದು. ದಿನಕ್ಕೆರಡು ಸಲ ನೀರು ಹೊಡಿಸಿ. ಸಿಟ್ಟಲ್ಲಿ ಹೋಗಿದ್ರೆ ನಡೀತಿರಲಿಲ್ಲ. ನಮ್ಮ ಯಜಮಾನರೊಬ್ಬರು ಧೂಳು ಕೂತ ಸೊಪ್ಪಿನ ಒಂದು ಕಟ್ಟು ತಂದು ಅವರ ಟೇಬಲ್ ಮೇಲೇ ಒದರಿದ್ರು. ‘ನಾಲ್ಕನೇ ಜ್ವರ ಎದ್ದ ಹುಳಕ್ಕೆ ಇದನ್ನ ಹಾಕ್ಲಾ ಸ್ವಾಮಿ?’ ಅಂದ್ರು (ಜ್ವರ ಅಂದ್ರೆ ರೇಷ್ಮೆ ಹುಳ ಪೊರೆ ಬಿಡೋ ಹೊತ್ತು). ಓನರ್ ಸ್ವಲ್ಪ ಹೊತ್ತು ಸುಮ್ಮನಿದ್ದು ಟೀ ತರಿಸಿದ. ನೀರು ಮಾರನೇ ದಿನಾನೇ ಬಂತು. ಟೈಮಿನ ಮಾತು ಮಾತ್ರ ಎರಡು ಮೂರು ಸಲ ನೆನಪಿಸಬೇಕಾಯ್ತು.

ನೀರು ಹೊಡೆಸೋದು ಸೊಪ್ಪಿಗಷ್ಟೇ ಅಲ್ಲ. ಧೂಳಿನ ಹಿಂದೆ ಎರಡನೇ ಗಾಡಿ ಇರುತ್ತೆ, ಅದು ಕಾಣಲ್ಲ. ಒಂದು ಟಿಪ್ಪರ್ ಹೋದ ತಕ್ಷಣ ರೋಡ್ ದಾಟಬೇಡಿ, ಧೂಳು ಕೂರೋವರೆಗೆ ನಿಲ್ಲಿ. ಮಕ್ಕಳಿಗೆ ಇದನ್ನ ದಿನಾ ಹೇಳಿ. ಬೈಕ್ ಹುಡುಗರಿಗೂ ಹೇಳಿ, ಧೂಳಲ್ಲಿ ಓವರ್‌ಟೇಕ್ ಬೇಡ, ಜಲ್ಲಿ ತಿರುವಲ್ಲಿ ಮುಂದಿನ ಬ್ರೇಕ್ ಗಕ್ಕನೆ ಹಿಡೀಬೇಡ ಅಂತ.

ಮಾತಿಗೆ ಬಗ್ಗದಿದ್ರೆ ಕಾಗದ. ಒಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ: 2018ರ ಕೇಂದ್ರ ಅಧಿಸೂಚನೆಯಲ್ಲಿ ‘ಇತರೆ ರಸ್ತೆ’ಗಳಲ್ಲಿ ಸರಕು ಗಾಡಿಗೆ 60, ಕಾರಿಗೆ 70 ಮಿತಿ. ಅಂದ್ರೆ ಬೋರ್ಡ್ ಇಲ್ಲದ ನಿಮ್ಮ ಜಲ್ಲಿ ರೋಡಲ್ಲಿ 55ರಲ್ಲಿ ಹೋಗೋನ ಮೇಲೆ ಬರೀ ಸ್ಪೀಡ್ ಅಂತ ಕೇಸ್ ನಿಲ್ಲೋದು ಕಷ್ಟ. ಕಮ್ಮಿ ಮಿತಿ ಅಧಿಕೃತವಾಗಿ ಆಗಬೇಕು. ಗ್ರಾಮ ಸಭೆಯಲ್ಲಿ ಎತ್ತಿ ನಡಾವಳಿಯಲ್ಲಿ ಬರೆಸಿ. ರೋಡು ಪಂಚಾಯ್ತಿದಾ, ಪಂಚಾಯತ್ ರಾಜ್ ಎಂಜಿನಿಯರಿಂಗ್‌ದಾ, ಪಿಡಬ್ಲ್ಯೂಡಿದಾ (ಲೋಕೋಪಯೋಗಿ ಇಲಾಖೆದಾ) ಅಂತ ಪಂಚಾಯ್ತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಹತ್ರ ಕೇಳ್ಕೊಳ್ಳಿ. ಆ ನಡಾವಳಿ ಪ್ರತಿ, ವೇಗದ ಲೆಕ್ಕ, ತಿರುವಿನ ಫೋಟೋ ಸೇರಿಸಿ ಜಿಲ್ಲಾಧಿಕಾರಿಗೆ ಅರ್ಜಿ ಕೊಡಿ, ನಕಲು ಸ್ಟೇಷನ್‌ಗೆ. ಮೋಟಾರು ವಾಹನ ಕಾಯ್ದೆ ಸೆಕ್ಷನ್ 115ರಲ್ಲಿ ಸುರಕ್ಷತೆಗಾಗಿ ಗಾಡಿ ಓಡಾಟಕ್ಕೆ ನಿರ್ಬಂಧ ಹಾಕೋ ಅಧಿಕಾರ ಇದೆ. ಸ್ವೀಕೃತಿ ಸೀಲ್ ಇಲ್ಲದೆ ಅರ್ಜಿ ಕೊಟ್ಟು ಬರಬೇಡಿ. ಓವರ್‌ಲೋಡ್ ಇದ್ರೆ ಅದನ್ನೂ ಬರೀರಿ. ಸೆಕ್ಷನ್ 194ರಲ್ಲಿ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ ತಲಾ 2,000 ದಂಡ ಇದೆ, ಓನರ್‌ಗೆ ಬಿಸಿ ತಟ್ಟೋದು ಸ್ಪೀಡಿಗಿಂತ ಇದರಲ್ಲೇ. ಹಂಪೇ ಬೇಕು ಅಂತ ತೀರ್ಮಾನ ಆದ್ರೆ ಅದನ್ನೂ ಎಂಜಿನಿಯರ್ ಹಾಕ್ಲಿ, ಮುಂಚೆ ಬೋರ್ಡ್ ಇಟ್ಟು, ಆ ಜಾಗಕ್ಕೆ ಸಿಮೆಂಟು ಹಾಕಿ.

ಅಲ್ಲಿವರೆಗೆ ಕರುಗಳನ್ನ ರೋಡಿನ ಕಡೆ ಮುಖ ಇರೋ ಗೂಟಕ್ಕೆ ಕಟ್ಟಬೇಡಿ, ಮನೆ ಹಿಂದಕ್ಕೆ ಹಾಕಿ. ನಿಮ್ಮ ಟ್ರೈಲರ್ ಹಿಂದೆ ಕೆಂಪು ರಿಫ್ಲೆಕ್ಟರ್ ಟೇಪ್ ಅಂಟಿಸಿ, ಹಾಲಿನ ಕ್ಯಾನಿಗೂ ಒಂದು ಸುತ್ತು. ನಾನು ಅಂಟಿಸಿದಾಗ ಡೈರಿ ಹತ್ರ ನಕ್ಕರು, ಈಗ ಆರೇಳು ಕ್ಯಾನ್ ಹಾಗೇ ಇದಾವೆ.

ನಾಳೆ ಬೆಳಕಾದ ಮೇಲೆ ಆ ತಿರುವಿನ ಫೋಟೋ ಎರಡೂ ಕಡೆಯಿಂದ ಹಾಕಿ, ಒಂದು ನಿಂತು, ಒಂದು ಕೂತು. ಜಾಲಿ ಎಲ್ಲಿವರೆಗೆ ಕೀಳಿಸಬೇಕು ಅಂತ ಅದರ ಮೇಲೇ ಗೆರೆ ಎಳೆದು ಕಳಿಸ್ತೀನಿ. ಜೆಸಿಬಿಯವನಿಗೆ ಹೇಗೂ ಹೇಳಿದ್ದೀರಲ್ಲ, ಬರ್ಲಿ ಬಿಡಿ, ಬುಡ ಕೀಳೋಕೆ ಆಗುತ್ತೆ.