ದೋಣಿ ಟ್ರೇಲರಿಗೆ ಯಾವ ಬ್ರೇಕ್ ಹಾಕಿಸ್ಲಿ?

ಪ್ರಶ್ನೆ: ಸರ್, ನಮ್ದು ಚನ್ನಗಿರಿ ಕಡೆ. ಫೈಬರ್ ದೋಣಿ ಐತೆ, ಇಂಜಿನ್ನು ಟ್ರೇಲರ್ರು ಎಲ್ಲಾ ಸೇರಿ ಒಂದು ಟನ್ ದಾಟುತ್ತೆ. ಬೊಲೆರೊಗೆ ಕಟ್ಕೊಂಡು ಸೂಳೆಕೆರೆಗೆ ಇಳಿಸ್ತೀವಿ, ಒಮ್ಮೊಮ್ಮೆ ಮಾರಿಕಣಿವೆಗೂ ಹೋಗ್ತೀವಿ. ದಾವಣಗೆರೇಲಿ ವೆಲ್ಡಿಂಗ್ ಶಾಪ್‌ನವ್ರು ಹಳೇ ಜೀಪಿನ ಡ್ರಮ್ ಬ್ರೇಕ್ ಕೂರಿಸ್ತೀನಿ ಅಂತಾರೆ, ಇನ್ನೊಬ್ರು ಎಲೆಕ್ಟ್ರಿಕ್ ಹಾಕ್ಸಿ ಅಂತಾರೆ. ಯಾವ್ದು ವಾಸಿ?

ಉತ್ತರ: ಎರಡೂ ಬೇಡ ಅಂತೀನಿ. ಜಲ್ಲಿ ಹೊರೋ ಟ್ರೇಲರ್ ನೀರಿಗೆ ಇಳಿಯಲ್ಲ, ನಿಮ್ದು ಪ್ರತಿ ಸಲ ಆಕ್ಸಲ್ ಮುಳುಗೋವರೆಗೂ ಇಳಿಯುತ್ತೆ, ಅಲ್ಲೇ ಇರೋದು ವಿಷ್ಯ. ಡ್ರಮ್ ಒಳಗೆ ಹೋದ ನೀರು, ಗೋಡು ಮಣ್ಣು ಬೇಗ ಹೊರಗೆ ಬರಲ್ಲ, ಸ್ಪ್ರಿಂಗು ಸಿಲಿಂಡರು ಒಳಗೊಳಗೇ ತುಕ್ಕು ಹಿಡಿತಾವೆ. ಎಲೆಕ್ಟ್ರಿಕ್‌ನಲ್ಲಿ ಮ್ಯಾಗ್ನೆಟ್ಟೂ ಅದೇ ಡ್ರಮ್ ಒಳಗೆ ಇರುತ್ತೆ, ಜೊತೆಗೆ ಬೊಲೆರೊ ಒಳಗೊಂದು ಕಂಟ್ರೋಲರ್ ಬೇರೆ ಕೂರಿಸ್ಬೇಕು.

ಹೈಡ್ರಾಲಿಕ್ ಸರ್ಜ್ ಬ್ರೇಕ್, ಅದ್ರಲ್ಲೂ ಡಿಸ್ಕ್ ನೋಡ್ರಿ. ನೀವು ಬ್ರೇಕ್ ಒತ್ತಿದಾಗ ಟ್ರೇಲರ್ ಗಾಡೀನ ಮುಂದಕ್ಕೆ ನೂಕುತ್ತಲ್ಲ, ಆ ನೂಕಿಗೆ ಕಪ್ಲರ್ (ಟ್ರೇಲರನ್ನ ಗಾಡಿಗೆ ಕೊಂಡಿ ಹಾಕೋ ಭಾಗ) ಹಿಂದಕ್ಕೆ ಸರಿದು ಮಾಸ್ಟರ್ ಸಿಲಿಂಡರ್ ಒತ್ತಿ ಬ್ರೇಕಿಗೆ ಆಯಿಲ್ ನೂಕುತ್ತೆ, ಅಷ್ಟೆ, ಬ್ರೇಕ್ ಹಿಡಿಯೋಕೆ ವೈರ್ ಬೇಡ. ಡಿಸ್ಕ್ ಬಯಲಲ್ಲೇ ಇರೋದ್ರಿಂದ ನೀರು ಸೋರಿ ಹೋಗುತ್ತೆ, ತೊಳಿಯೋದೂ ಸುಲಭ. ಒಂದೇ ತೊಂದ್ರೆ ಅಂದ್ರೆ ರಿವರ್ಸ್ ತಗೊಂಡಾಗ್ಲೂ ಕಪ್ಲರ್ ಒತ್ತಿ ಬ್ರೇಕ್ ಹಿಡ್ಕೊಳ್ಳುತ್ತೆ, ಅದಕ್ಕೆ ರಿವರ್ಸ್ ಲೈಟಿನ ವೈರಿಂದ ಕೆಲ್ಸ ಮಾಡೋ ಒಂದು ಸೊಲೆನಾಯ್ಡ್ (ಬ್ರೇಕಿಗೆ ಆಯಿಲ್ ಹೋಗೋದನ್ನ ತಡೆಯೋ ಕರೆಂಟ್ ವಾಲ್ವ್) ಹಾಕಿಸ್ಲೇಬೇಕು. ಮಾರಿಕಣಿವೆ ನೋಡ್ರಿ, 1933 ಆದ್ಮೇಲೆ ಮತ್ತೆ ಕೋಡಿ ಬಿದ್ದಿದ್ದು 2022ಕ್ಕೆ, ನೀರು ಇಳ್ದ ವರ್ಷ ಕೆಸರಲ್ಲೇ ದೂರ ರಿವರ್ಸ್ ಹೋಗ್ಬೇಕಾಗುತ್ತೆ, ಆಗ ಚಕ್ರ ಲಾಕ್ ಆದ್ರೆ ಗತಿ ಏನು.

ಇನ್ನೊಂದು, ಇದನ್ನ ಯಾರೂ ಹೇಳಲ್ಲ. ದೂರದಿಂದ ಬಂದ ತಕ್ಷಣ ಟ್ರೇಲರ್ ನೀರಿಗೆ ಬಿಡಬೇಡ್ರಿ. ಹಬ್ (ಚಕ್ರದ ನಡುವೆ ಬೇರಿಂಗ್ ಕೂರೋ ಭಾಗ) ಬಿಸಿ ಇರುತ್ತೆ, ತಣ್ಣೀರು ತಾಗಿದ್ದೇ ಒಳಗಿನ ಗಾಳಿ ಕುಗ್ಗಿ ಸೀಲ್ ಸಂದಿಂದ ನೀರು ಎಳ್ಕೊಳ್ಳುತ್ತೆ, ಬೇರಿಂಗ್ ಹೋಗೋದು ಹಿಂಗೇ. ಚಾ ಕುಡಿದು ಆರಾಮಾಗಿ ಇಳಿಸ್ರಿ. ಗ್ರೀಸ್ ಹಾಲು ಕಲಸ್ದಂಗೆ ಬೆಳ್ಳಗಾಗಿದ್ರೆ ನೀರು ಹೋಗೈತೆ ಅಂತ್ಲೇ ಲೆಕ್ಕ. ಮನೆಗೆ ಬಂದ್ಮೇಲೆ ಡಿಸ್ಕು, ಅದನ್ನ ಹಿಡಿಯೋ ಕ್ಯಾಲಿಪರ್ರು ಪೈಪಲ್ಲಿ ತೊಳೀರಿ. ಬ್ರೇಕ್ ಆಯಿಲ್ ತೇವ ಹೀರ್ಕೊಳ್ಳೋದು, ವರ್ಷಕ್ಕೊಮ್ಮೆ ಬದಲಾಯಿಸಿದ್ರೆ ಒಳ್ಳೇದು.

ಪ್ರಶ್ನೆ: ಹಿರಿಯೂರಿಂದ. ನಮ್ದು ಡಿಸ್ಕ್ ಬ್ರೇಕ್ ಇರೋ ಟ್ರೇಲರ್. ಒಂದು ಹಬ್ ಮುಟ್ಟಿದ್ರೆ ಸುಡುತ್ತೆ, ಇನ್ನೊಂದು ತಣ್ಣಗೆ. ಬೇರಿಂಗ್ ಹೋಗಿದ್ಯಾ?

ಉತ್ತರ: ಇರಬಹುದು, ಆದ್ರೆ ಮೊದ್ಲು ತಣ್ಣಗಿರೋ ಕಡೇನೂ ಅನುಮಾನದಲ್ಲೇ ನೋಡ್ರಿ, ಅಲ್ಲಿ ಬ್ರೇಕ್ ಹಿಡೀತಾನೇ ಇಲ್ದೆ ಎಲ್ಲಾ ಭಾರ ಇನ್ನೊಂದರ ಮೇಲೆ ಬಿದ್ದಿರಬಹುದು. ಆಮೇಲೆ ಜಾಕ್ ಕೊಟ್ಟು, ಇನ್ನೊಂದು ಚಕ್ರಕ್ಕೆ ಕಲ್ಲಿಟ್ಟು, ಬಿಸಿ ಚಕ್ರಾನ ಕೈಲಿ ತಿರುಗಿಸ್ರಿ. ಗರಗರ ಸದ್ದು ಬಂದ್ರೆ ಬೇರಿಂಗ್. ಸದ್ದಿಲ್ದೆ ಬಿಗಿ ಇದ್ರೆ ಕ್ಯಾಲಿಪರ್‌ನ ಬ್ಲೀಡ್ ನಿಪ್ಪಲ್ (ಆಯಿಲ್, ಗಾಳಿ ಹೊರಗೆ ಬಿಡೋ ಸಣ್ಣ ಸ್ಕ್ರೂ) ಸ್ವಲ್ಪ ಸಡಿಲ ಮಾಡ್ರಿ: ಚಕ್ರ ಸಲೀಸಾದ್ರೆ ಆಯಿಲ್ ಪ್ರೆಷರ್ ವಾಪಸ್ ಹೋಗ್ತಿಲ್ಲ, ಆ ಕಡೆ ಹೋಸ್ ಒಳಗೇ ಊದಿ ಕಟ್ಕೊಂಡಿರುತ್ತೆ. ಆಗ್ಲೂ ಬಿಗಿ ಅಂದ್ರೆ ಕ್ಯಾಲಿಪರ್ ಜಾರೋ ಸ್ಲೈಡ್ ಪಿನ್ ಇಲ್ಲಾ ಅದರ ಪಿಸ್ಟನ್ ತುಕ್ಕು ಹಿಡಿದೈತೆ, ಬಿಚ್ಚಿಸಿ. ನಿಪ್ಪಲ್ ಬಿಚ್ಚಿದ್ಮೇಲೆ ಗಾಳಿ ತೆಗಿಯೋದು ಮರೀಬೇಡ್ರಿ.