ನಮ್ಮೂರ ಶಾಲೆಯ ಪ್ರಶ್ನೆ ವಿಧಾನಸೌಧ ಮುಟ್ಟುವುದು ಹೇಗೆ?

ಅಧಿವೇಶನ ಶುರುವಾದರೆ ಸಾಕು, ಶಾಲೆ, ಬಸ್ಸು, ಆಸ್ಪತ್ರೆ ಕುರಿತು ಪ್ರತಿಪಕ್ಷದ ಶಾಸಕರು ಸಚಿವರನ್ನು ಪ್ರಶ್ನಿಸಿದ ಸುದ್ದಿ ದಿನವೂ ಬರುತ್ತದೆ. ಅಂಥ ಪ್ರಶ್ನೆ ಬರೆಸುವುದು ಹೇಗೆ, ಬಂದ ಉತ್ತರವನ್ನು ಏನು ಮಾಡಬೇಕು ಎಂದು ಕೊಪ್ಪಳ, ರಾಯಚೂರು, ಬಳ್ಳಾರಿ ಜಿಲ್ಲೆಗಳ ಓದುಗರು ಕೇಳಿದ್ದಾರೆ. ಶಾಸಕಾಂಗದ ನಡಾವಳಿ ಮತ್ತು ಶಿಕ್ಷಣ ಇಲಾಖೆಯ ಕಡತಗಳನ್ನು ಬಲ್ಲ ತಜ್ಞರ ಉತ್ತರ ಇಲ್ಲಿದೆ.

ನಮ್ಮ ಸಾಲಿಯೊಳಗ ಒಂದರಿಂದ ಐದನೇತ್ತಾ ತನಕ 142 ಹುಡುಗರದಾರ್ರೀ, ಮಾಸ್ತರು ಮೂರೇ ಮಂದಿ. ಆಫೀಸಿಗೆ ನಾಕು ಸರ್ತಿ ಅರ್ಜಿ ಕೊಟ್ಟೇವಿ. ನಮ್ಮ ಎಮ್ಮೆಲ್ಲೆ ಸಾಹೇಬ್ರು ವಿರೋಧ ಪಕ್ಷದವರು. ಅವರ ಕಡಿಂದ ಅಸೆಂಬ್ಲ್ಯಾಗ ಕೇಳಿಸಬೇಕಂದ್ರ ನಾವು ಏನು ಬರಕೊಡಬೇಕ್ರೀ?
— ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು, ಕೊಪ್ಪಳ ಜಿಲ್ಲೆ

‘ಶಿಕ್ಷಕರ ಕೊರತೆ ಇದೆ’ ಎಂದು ಬರೆದುಕೊಟ್ಟರೆ ಅದು ಐದನೆಯ ಅರ್ಜಿಯಾಗುತ್ತದೆ, ಅಷ್ಟೆ. ಮೊದಲು ಲೆಕ್ಕ ಹಿಡಿಯಿರಿ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಒಂದರಿಂದ ಐದನೇ ತರಗತಿವರೆಗೆ ಎಷ್ಟು ಮಕ್ಕಳಿಗೆ ಎಷ್ಟು ಶಿಕ್ಷಕರು ಎಂಬುದು ಸ್ಪಷ್ಟವಾಗಿದೆ: 60 ಮಕ್ಕಳವರೆಗೆ ಇಬ್ಬರು, 61ರಿಂದ 90ಕ್ಕೆ ಮೂವರು, 91ರಿಂದ 120ಕ್ಕೆ ನಾಲ್ವರು, 121ರಿಂದ 200ಕ್ಕೆ ಐವರು. ಮಕ್ಕಳು 150 ದಾಟಿದರೆ ಐವರ ಜೊತೆಗೆ ಒಬ್ಬ ಮುಖ್ಯ ಶಿಕ್ಷಕರು. ನಿಮ್ಮ 142 ಮಕ್ಕಳಿಗೆ ಐವರು ಬೇಕು, ಇರುವವರು ಮೂವರು. ಇಬ್ಬರು ಕಡಿಮೆ ಇರುವುದು ಕಾನೂನಿನ ಉಲ್ಲಂಘನೆ. ಹಾಗೆಂದೇ ಬರೆಯಿರಿ.

ಶಾಸಕರ ಕೈಗೆ ಹೋಗುವ ಕಾಗದ ಒಂದೇ ಹಾಳೆ ಇರಲಿ. ಶಾಲೆಯ 11 ಅಂಕಿಯ ಯು-ಡೈಸ್ ಸಂಖ್ಯೆ (ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆ), ಎಸ್‌ಎಟಿಎಸ್‌ನಲ್ಲಿರುವ (ಇಲಾಖೆಯ ವಿದ್ಯಾರ್ಥಿ ಮಾಹಿತಿ ತಂತ್ರಾಂಶ) ತರಗತಿವಾರು ದಾಖಲಾತಿ, ಮಂಜೂರಾದ ಹುದ್ದೆ, ಭರ್ತಿಯಾದ ಹುದ್ದೆ, ನಿಯೋಜನೆ ಮೇಲೆ ಹೊರಗೆ ಹೋದವರು, ಅತಿಥಿ ಶಿಕ್ಷಕರು, ಪ್ರತಿ ಹುದ್ದೆ ಖಾಲಿಯಾದ ದಿನಾಂಕ ಮತ್ತು ಕಾರಣ (ನಿವೃತ್ತಿಯೋ, ವರ್ಗಾವಣೆಯೋ) ಇಷ್ಟು ಸಾಕು. ಎಸ್‌ಡಿಎಂಸಿ ಠರಾವಿನ ಪ್ರತಿ, ಹಿಂದಿನ ಅರ್ಜಿಗಳ ಸ್ವೀಕೃತಿ ಲಗತ್ತಿಸಿ. ಮುಖ್ಯ ಶಿಕ್ಷಕರು ಅಂಕಿ ಕೊಡಲು ಹೆದರಿದರೆ ಅವರನ್ನು ಇಕ್ಕಟ್ಟಿಗೆ ಸಿಲುಕಿಸಬೇಡಿ. ಮಾಹಿತಿ ಹಕ್ಕಿನಡಿ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿಯಲ್ಲಿ ಒಂದೇ ವಿಷಯ ಇರಬೇಕು, 150 ಪದ ಮೀರಬಾರದು. ಉತ್ತರಕ್ಕೆ 30 ದಿನ ಗಡುವು.

ಇನ್ನು ಪ್ರಶ್ನೆಯ ಒಕ್ಕಣೆ. ಎಲ್ಲ ತಪ್ಪೂ ಆಗುವುದು ಇಲ್ಲಿಯೇ. ನೂರಾರು ಪ್ರಶ್ನೆಗಳು ‘ಶಿಕ್ಷಕರ ಕೊರತೆ ಇರುವುದು ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದು ಶುರುವಾಗುತ್ತವೆ. ಎದುರು ಅಂಕಣದಲ್ಲಿ ‘ಬಂದಿದೆ’ ಎಂಬ ಉತ್ತರ ಬರುತ್ತದೆ, ಆ ಉಪಪ್ರಶ್ನೆ ಅಲ್ಲಿಗೆ ಸತ್ತಂತೆ. ಅದರ ಬದಲು ಹೀಗೆ ಬರೆದುಕೊಡಿ:

(ಅ) ಸದರಿ ಶೈಕ್ಷಣಿಕ ವಲಯದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಮಂಜೂರಾದ, ಭರ್ತಿಯಾದ ಹಾಗೂ ಖಾಲಿ ಇರುವ ಶಿಕ್ಷಕರ ಹುದ್ದೆಗಳು ಎಷ್ಟು? (ಯಾವ ದಿನಾಂಕಕ್ಕೆ ಎಂಬುದರೊಂದಿಗೆ ಶಾಲಾವಾರು ವಿವರ ನೀಡುವುದು)
(ಆ) ಭರ್ತಿಯಾದವರ ಪೈಕಿ ನಿಯೋಜನೆ ಮೇರೆಗೆ ಬೇರೆಡೆ ಕೆಲಸ ಮಾಡುತ್ತಿರುವವರು ಎಷ್ಟು? ಯಾವ ದಿನಾಂಕದಿಂದ, ಯಾರ ಆದೇಶದ ಮೇರೆಗೆ?
(ಇ) ಶಿಕ್ಷಣ ಹಕ್ಕು ಕಾಯ್ದೆಯ ಅನುಪಾತಕ್ಕಿಂತ ಕಡಿಮೆ ಶಿಕ್ಷಕರಿರುವ ಶಾಲೆಗಳು ಯಾವುವು?
(ಈ) ಖಾಲಿ ಹುದ್ದೆಗಳಲ್ಲಿ 371(ಜೆ) ಅಡಿಯ ಸ್ಥಳೀಯ ವೃಂದದವು ಎಷ್ಟು? ಭರ್ತಿಗೆ ಆರ್ಥಿಕ ಇಲಾಖೆಯ ಸಹಮತಿ ಯಾವ ದಿನಾಂಕದಂದು ದೊರೆತಿದೆ?

(ಆ) ಭಾಗವನ್ನು ಯಾರೇ ಹೇಳಿದರೂ ಬಿಡಬೇಡಿ. ಸಂಬಳದ ಪಟ್ಟಿಯಲ್ಲಿ ನಿಮ್ಮ ಶಾಲೆಯಲ್ಲೇ ಇರುವ ಶಿಕ್ಷಕರು ಪಾಠ ಮಾಡುತ್ತಿರುವುದು ಬೇರೆಲ್ಲೋ ಆಗಿದ್ದರೆ, ಕಾಗದದ ಮೇಲೆ ಆ ಹುದ್ದೆ ಭರ್ತಿಯಾಗಿಯೇ ಇರುತ್ತದೆ. (ಈ) ಭಾಗವೂ ನಮ್ಮ ಕಲ್ಯಾಣ ಕರ್ನಾಟಕಕ್ಕೆ ಜೀವಾಳ. 2012ರ 98ನೇ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ 371(ಜೆ) ಪ್ರಕಾರ ಸ್ಥಳೀಯ ವೃಂದದ (ಈ ಪ್ರದೇಶಕ್ಕೆಂದೇ ಗುರುತಿಸಿದ) ಸಿ ಗುಂಪಿನ ಹುದ್ದೆಗಳಲ್ಲಿ ಶೇ 80 ಇಲ್ಲಿಯವರಿಗೆ ಮೀಸಲು. ರಾಜ್ಯದ ಒಟ್ಟು ಸಂಖ್ಯೆ ಕೇಳಿದರೆ ನಮ್ಮ ಪಾಲು ಅದರಲ್ಲಿ ಕರಗಿಹೋಗುತ್ತದೆ.

‘ತಾಲ್ಲೂಕು’ ಎನ್ನದೆ ‘ಶೈಕ್ಷಣಿಕ ವಲಯ’ ಎಂದಿರುವುದಕ್ಕೂ ಕಾರಣವಿದೆ. ಕುಕನೂರು, ಕನಕಗಿರಿ, ಕಾರಟಗಿ ತಾಲ್ಲೂಕುಗಳಾದರೂ ಶಿಕ್ಷಣ ಇಲಾಖೆಯ ಲೆಕ್ಕ ಹಳೆಯ ವಲಯದ ಹೆಸರಿನಲ್ಲಿ ಬರುತ್ತದೆ. ಹೊಸ ತಾಲ್ಲೂಕಿನ ಹೆಸರಲ್ಲಿ ಕೇಳಿದರೆ ‘ಪ್ರತ್ಯೇಕ ಮಾಹಿತಿ ಲಭ್ಯವಿಲ್ಲ’ ಎನ್ನಲು ದಾರಿಯಾಗುತ್ತದೆ. ಬಳ್ಳಾರಿಯವರಿಗೆ ಇನ್ನೊಂದು ತೊಡಕು: 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಯಿತು. ಅದಕ್ಕೂ ಹಿಂದಿನ ಬಳ್ಳಾರಿ ಅಂಕಿಯಲ್ಲಿ ಹೊಸಪೇಟೆ, ಕೂಡ್ಲಿಗಿ, ಹಡಗಲಿ ಎಲ್ಲವೂ ಸೇರಿವೆ. ಆ ಅಂಕಿಯ ಪಕ್ಕ ಈಗಿನದನ್ನಿಟ್ಟರೆ ಖಾಲಿ ಹುದ್ದೆ ಇಳಿದಂತೆ ಕಾಣುತ್ತದೆ, ಇಳಿದಿರುವುದಿಲ್ಲ.

ಚುಕ್ಕೆ ಗುರುತಿನ ಪ್ರಶ್ನೆಯೋ, ಚುಕ್ಕೆ ಗುರುತಿಲ್ಲದ್ದೋ? ಚುಕ್ಕೆ ಗುರುತಿನದಕ್ಕೆ ಸಚಿವರು ಎದ್ದು ನಿಂತು ಉತ್ತರಿಸಬೇಕು, ಶಾಸಕರು ಅಲ್ಲಿಯೇ ಪೂರಕ ಪ್ರಶ್ನೆ ಹಾಕಬಹುದು. ಆದರೆ ಚೀಟಿ ಎತ್ತಿ ಆರಿಸುವುದರಿಂದ ಸರದಿ ಬರುವ ಖಾತ್ರಿಯಿಲ್ಲ, ಬಂದರೂ ಅಷ್ಟರಲ್ಲಿ ಪ್ರಶ್ನೋತ್ತರ ವೇಳೆ ಮುಗಿದಿರಬಹುದು. ಚುಕ್ಕೆ ಗುರುತಿಲ್ಲದ್ದಕ್ಕೆ ಲಿಖಿತ ಉತ್ತರ. ಶಾಲಾವಾರು ಪಟ್ಟಿ ಬೇಕಾದವರಿಗೆ ಇದೇ ಒಳ್ಳೆಯದು. ಒಂದು ಅಧಿವೇಶನದಲ್ಲಿ ಲಿಖಿತ ಉತ್ತರ ಪಡೆದು, ಮುಂದಿನದರಲ್ಲಿ ಅದೇ ಅಂಕಿ ಹಿಡಿದು ಚುಕ್ಕೆ ಗುರುತಿನ ಪ್ರಶ್ನೆ ಹಾಕುವ ಶಾಸಕರಿಂದ ಸಚಿವರು ಸುಲಭವಾಗಿ ತಪ್ಪಿಸಿಕೊಳ್ಳಲಾರರು. ಸೂಚನೆಯನ್ನು ವಾರಗಳ ಮೊದಲೇ ಕೊಡಬೇಕಿರುವುದರಿಂದ, ಬೆಳಗಾವಿಯ ಚಳಿಗಾಲದ ಅಧಿವೇಶನಕ್ಕೆ ಕೇಳಿಸಬೇಕಾದ್ದು ದೀಪಾವಳಿ ಹೊತ್ತಿಗೆ ಶಾಸಕರ ಆಪ್ತ ಸಹಾಯಕರ ಕೈಯಲ್ಲಿರಲಿ.

ಇನ್ನೊಂದು ಮಾತು. ವಿಧಾನಸಭೆ ಸಚಿವಾಲಯದಿಂದ ಹೊರಟ ಪ್ರಶ್ನೆ ಇಲಾಖೆಗೆ, ಆಯುಕ್ತರಿಗೆ, ಕಲಬುರಗಿಯ ಅಪರ ಆಯುಕ್ತರಿಗೆ, ಉಪನಿರ್ದೇಶಕರಿಗೆ, ಬಿಇಒಗೆ (ಕ್ಷೇತ್ರ ಶಿಕ್ಷಣಾಧಿಕಾರಿ), ಸಿಆರ್‌ಪಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಇಳಿದು ಕೊನೆಗೆ ನಿಮ್ಮ ಶಾಲೆಯ ಮುಖ್ಯ ಶಿಕ್ಷಕರ ಮೊಬೈಲಿಗೇ ಬರುತ್ತದೆ: ‘ಎಲ್‌ಎಕ್ಯೂ (ವಿಧಾನಸಭೆ ಪ್ರಶ್ನೆ), ತುರ್ತು, ಸಂಜೆಯೊಳಗೆ ಕಳುಹಿಸಿ’. ಅವಸರದಲ್ಲಿ ಹೋದ ವರ್ಷದ ಪಟ್ಟಿಯೇ ಮತ್ತೆ ಮೇಲೆ ಹೋಗುವುದುಂಟು. ಕೆಳಗಿನಿಂದ ತಪ್ಪು ಅಂಕಿ ಹೋದರೆ ಸಚಿವರು ಸದನದಲ್ಲಿ ಅದನ್ನೇ ಓದುತ್ತಾರೆ. ಆ ದಿನ ಎಸ್‌ಡಿಎಂಸಿ ಅಧ್ಯಕ್ಷರು ಮುಖ್ಯ ಶಿಕ್ಷಕರ ಪಕ್ಕದಲ್ಲಿ ಕೂತು ಅಂಕಿ ತಾಳೆ ನೋಡಿದರೆ ದೊಡ್ಡ ಉಪಕಾರ.

ಪ್ರೌಢಶಾಲೆ ಕೊಠಡಿಗಳ ಬಗ್ಗೆ ಶಾಸಕರು ಕೇಳಿದ ಪ್ರಶ್ನೆಗೆ ‘ಅನುದಾನದ ಲಭ್ಯತೆಗೆ ಅನುಗುಣವಾಗಿ ಕ್ರಮ ವಹಿಸಲಾಗುವುದು’ ಎಂಬ ಉತ್ತರ ಬಂದಿದೆ. ಇದನ್ನು ಹೌದು ಎಂದು ತಿಳಿಯಬೇಕೇ, ಇಲ್ಲ ಎಂದೇ?
— ಪೋಷಕರು, ರಾಯಚೂರು ಜಿಲ್ಲೆ

ಇಲ್ಲ ಎಂದೇ ತಿಳಿಯಿರಿ. ಆದರೆ ‘ಕ್ರಮ ವಹಿಸಲಾಗುವುದು’ ಎಂಬ ಮಾತು ಸದನದ ದಾಖಲೆಗೆ ಸೇರಿದೆಯಲ್ಲ, ಅದನ್ನು ಹಿಡಿದುಕೊಳ್ಳಿ. ಎರಡೂ ಸದನಗಳಲ್ಲಿ ಸರ್ಕಾರಿ ಭರವಸೆಗಳ ಸಮಿತಿ ಇದೆ. ಸಚಿವರು ಸದನದಲ್ಲಿ ಕೊಟ್ಟ ಭರವಸೆಗಳು ಈಡೇರಿದವೇ ಎಂದು ನೋಡುವುದೇ ಅದರ ಕೆಲಸ. ಪ್ರಶ್ನೆಯ ಸಂಖ್ಯೆ, ಉತ್ತರಿಸಿದ ದಿನಾಂಕ, ಭರವಸೆಯ ವಾಕ್ಯ ಇಷ್ಟನ್ನು ಬರೆದು, ಭರವಸೆಯೆಂದು ಪರಿಗಣಿಸುವಂತೆ ನಿಮ್ಮ ಶಾಸಕರಿಂದ ಸಮಿತಿಗೆ ಪತ್ರ ಕೊಡಿಸಿ. ಬೀದಿಯಲ್ಲಿ ಧರಣಿ ಕೂರುವುದಕ್ಕಿಂತ ಇದು ನಿಧಾನ. ಆದರೆ ಇಲಾಖೆಯ ಅಧಿಕಾರಿ ಸಮಿತಿಯ ಮುಂದೆ ಕಡತ ಹಿಡಿದು ಕೂರಬೇಕಾಗುತ್ತದೆ, ಆ ಭಯ ಕೆಲಸ ಮಾಡಿಸುತ್ತದೆ.

ಉತ್ತರ ಓದುವಾಗ ಅನುಬಂಧವನ್ನು ಮೊದಲು ತೆರೆಯಿರಿ. ಮೊದಲ ಪುಟದಲ್ಲಿ ನಯವಾದ ಮಾತು, ಅನುಬಂಧದಲ್ಲಿ ನಿಜವಾದ ಅಂಕಿ ಇರುತ್ತದೆ. ಅಲ್ಲಿ ‘ಮಂಜೂರಾದ ಮೊತ್ತ’, ‘ಬಿಡುಗಡೆಯಾದ ಮೊತ್ತ’, ‘ವೆಚ್ಚ’ ಮೂರೂ ಬೇರೆ ಬೇರೆ ಅಂಕಣಗಳಲ್ಲಿ ಇವೆಯೇ ನೋಡಿ. ಮಂಜೂರಾದದ್ದೊಂದೇ ಇದ್ದರೆ ಹಣ ಬಂದಿದೆ ಎಂದು ನಂಬಬೇಡಿ. ‘ಮಾಹಿತಿ ಸಂಗ್ರಹಿಸಲಾಗುತ್ತಿದೆ’ ಎಂದಿದ್ದರೆ ಮುಂದಿನ ಅಧಿವೇಶನದಲ್ಲಿ ಅದೇ ಪ್ರಶ್ನೆಯನ್ನು, ಹಿಂದಿನ ಸಂಖ್ಯೆ ಮತ್ತು ದಿನಾಂಕ ನಮೂದಿಸಿ, ಮತ್ತೆ ಹಾಕಿಸಿ.

ಉತ್ತರದಲ್ಲಿ ಪೂರ್ಣಗೊಂಡಿದೆ ಎಂದಿರುವ ಕೊಠಡಿ ನಿಮ್ಮ ಕಣ್ಣೆದುರಿಗೆ ಬುನಾದಿಯಲ್ಲೇ ನಿಂತಿದ್ದರೆ, ದಿನಾಂಕ ಕಾಣುವಂತೆ ಫೋಟೊ ತೆಗೆದು ಶಾಸಕರಿಗೆ ಕೊಡಿ. ಸದನಕ್ಕೆ ತಿಳಿದೂ ತಪ್ಪು ಮಾಹಿತಿ ಕೊಡುವುದು ಹಕ್ಕುಚ್ಯುತಿಯ (ಸದನದ ಹಕ್ಕಿಗೆ ಭಂಗ ತಂದ ಆರೋಪದ) ವಿಷಯವಾಗಬಲ್ಲದು. ಅಂಥ ಸೂಚನೆ ಕೊಡುವುದು ಶಾಸಕರ ವಿವೇಚನೆ, ನಿಮ್ಮ ಕೆಲಸ ಪುರಾವೆ ಒದಗಿಸುವುದು.

ನಮ್ಮದು ಗಣಿ ಊರು. ಧೂಳು ನಮಗೆ, ಜಿಲ್ಲಾ ಖನಿಜ ನಿಧಿಯ ಹಣದಲ್ಲಿ ಕಟ್ಟಡಗಳು ಎಲ್ಲೆಲ್ಲೋ. ಶಿಕ್ಷಣ ಸಚಿವರಿಗೆ ಪ್ರಶ್ನೆ ಹಾಕಿಸಿದರೆ ‘ಇದು ನಮ್ಮ ಇಲಾಖೆಗೆ ಸಂಬಂಧಿಸಿಲ್ಲ’ ಎಂದು ಬಂತು. ಯಾರನ್ನು ಕೇಳಬೇಕು?
— ಗ್ರಾಮ ಪಂಚಾಯಿತಿ ಸದಸ್ಯರು, ಬಳ್ಳಾರಿ ಜಿಲ್ಲೆ

ಗಣಿ ಮತ್ತು ಭೂವಿಜ್ಞಾನ ಸಚಿವರನ್ನು. ಪ್ರಶ್ನೆ ಇಲಾಖೆ ತಪ್ಪಿದರೆ ಒಂದು ಅಧಿವೇಶನವೇ ಹಾಳು. ನಿಮ್ಮ ಮಾತು ನ್ಯಾಯವಾದದ್ದು. ಗಣಿ ಮತ್ತು ಖನಿಜಗಳ (ಅಭಿವೃದ್ಧಿ ಮತ್ತು ನಿಯಂತ್ರಣ) ಕಾಯ್ದೆಗೆ 2015ರಲ್ಲಿ ಸೇರಿಸಿದ 9ಬಿ ಕಲಮಿನ ಪ್ರಕಾರ ಜಿಲ್ಲಾ ಖನಿಜ ಪ್ರತಿಷ್ಠಾನ ಇರುವುದೇ ಗಣಿಗಾರಿಕೆಯಿಂದ ಬಾಧಿತರಾದ ಜನ ಮತ್ತು ಪ್ರದೇಶದ ಹಿತಕ್ಕಾಗಿ. 2015ರ ಜನವರಿ 12ಕ್ಕಿಂತ ಹಿಂದಿನ ಗುತ್ತಿಗೆಗಳಿಂದ ರಾಜಧನದ ಶೇ 30ರಷ್ಟು, ಹರಾಜಿನಲ್ಲಿ ಪಡೆದವುಗಳಿಂದ ಶೇ 10ರಷ್ಟು ಇದಕ್ಕೆ ಸೇರುತ್ತದೆ. ಶಿಕ್ಷಣ, ಕುಡಿಯುವ ನೀರು, ಆರೋಗ್ಯ ಆದ್ಯತಾ ವಲಯಗಳು.

ವರ್ಷವಾರು ಸಂಗ್ರಹ ಎಷ್ಟು? ನೇರ ಬಾಧಿತ ಗ್ರಾಮಗಳೆಂದು ಗುರುತಿಸಿದವು ಯಾವುವು? ಶಿಕ್ಷಣಕ್ಕೆ ಖರ್ಚಾದದ್ದರಲ್ಲಿ ನೇರ ಬಾಧಿತ ಗ್ರಾಮಗಳಿಗೆ ಎಷ್ಟು, ಪರೋಕ್ಷ ಬಾಧಿತಕ್ಕೆ ಎಷ್ಟು? ಪ್ರತಿ ಕಾಮಗಾರಿಯ ಅಂದಾಜು, ವೆಚ್ಚ, ಅನುಷ್ಠಾನ ಸಂಸ್ಥೆ ಯಾವುದು? ಹೀಗೆ ಕೇಳಿಸಿ. ಕೊನೆಯದು ಮುಖ್ಯ. ಕಾಮಗಾರಿ ಪಂಚಾಯತ್ ರಾಜ್ ಎಂಜಿನಿಯರಿಂಗ್ ವಿಭಾಗದ್ದೋ, ನಿರ್ಮಿತಿ ಕೇಂದ್ರದ್ದೋ, ಕೆಆರ್‌ಐಡಿಎಲ್‌ನದೋ (ಗ್ರಾಮೀಣ ಮೂಲಸೌಕರ್ಯ ಕಾಮಗಾರಿಯ ಸರ್ಕಾರಿ ಕಂಪನಿ) ಗೊತ್ತಾಗದಿದ್ದರೆ ಅರ್ಧಕ್ಕೆ ನಿಂತ ಕೊಠಡಿಗೆ ಯಾರೂ ಹೊಣೆಯಾಗುವುದಿಲ್ಲ.

ಇದೇ ಗೊಂದಲ ಬೇರೆಡೆಯೂ ಇದೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಹಣದಲ್ಲಿ ಕಟ್ಟುವ ಶಾಲಾ ಕೊಠಡಿಯ ಪ್ರಶ್ನೆ ಯೋಜನಾ ಇಲಾಖೆಗೆ, ಅಂಗನವಾಡಿಯದು ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿಗೆ, ಹಾಸ್ಟೆಲಿನದು ಅದು ಯಾರದೆಂಬುದರ ಮೇಲೆ ಸಮಾಜ ಕಲ್ಯಾಣಕ್ಕೋ ಹಿಂದುಳಿದ ವರ್ಗಗಳ ಇಲಾಖೆಗೋ ಹೋಗಬೇಕು. ರಾಯಚೂರಿನ ಏಮ್ಸ್ ಬೇಡಿಕೆಯಂಥದನ್ನು ರಾಜ್ಯದ ಸಚಿವರಿಗೆ ಕೇಳಿದರೆ ಕೇಂದ್ರಕ್ಕೆ ಬರೆದ ಪತ್ರದ ಮಾತು ಬಿಟ್ಟು ಹೆಚ್ಚಿನದು ಸಿಗದು. ಅದನ್ನು ಸಂಸದರೇ ಕೇಳಬೇಕು. ಲೋಕಸಭೆಯಲ್ಲಿ ದಿನಕ್ಕೆ 20 ಚುಕ್ಕೆ ಗುರುತಿನ, 230 ಚುಕ್ಕೆ ಗುರುತಿಲ್ಲದ ಪ್ರಶ್ನೆಗಳಿಗೆ ಜಾಗವಿದೆ.

ಸದನದ ಬಾವಿಗಿಳಿದು ಘೋಷಣೆ ಕೂಗಿದರೆ ಸರ್ಕಾರ ಬಗ್ಗುವುದಿಲ್ಲವೇ?
— ಪದವಿ ವಿದ್ಯಾರ್ಥಿ, ರಾಯಚೂರು

ಕೆಲವೊಮ್ಮೆ ಬಗ್ಗಬಹುದು. ಆದರೆ ಗದ್ದಲಕ್ಕೆ ಮೊದಲು ಬಲಿಯಾಗುವುದು ಪ್ರಶ್ನೋತ್ತರ ವೇಳೆ, ಅದು ಪ್ರತಿಪಕ್ಷದ್ದೇ ಆಸ್ತಿ. ತುರ್ತು ವಿಷಯವಿದ್ದರೆ ವಿಧಾನಸಭೆಯ ನಿಯಮ 60ರಡಿ ನಿಲುವಳಿ ಸೂಚನೆ (ಉಳಿದ ಕಲಾಪ ಬದಿಗಿಟ್ಟು ಚರ್ಚಿಸಬೇಕೆಂಬ ಕೋರಿಕೆ) ಕೊಡಬಹುದು. ಸಭಾಧ್ಯಕ್ಷರು ಅದನ್ನು ನಿಯಮ 69ಕ್ಕೆ ಬದಲಾಯಿಸಿ ಚರ್ಚೆಗೆ ಅವಕಾಶ ಕೊಡುವುದು ರೂಢಿಯಲ್ಲಿದೆ. ನಿಯಮ 73ರ ಗಮನ ಸೆಳೆಯುವ ಸೂಚನೆಯೂ ಇದೆ. ವಿಷಯ ನ್ಯಾಯಾಲಯದ ಮುಂದಿದ್ದರೆ ಇವೆಲ್ಲಕ್ಕೂ ತಡೆ ಬೀಳುತ್ತದೆ. ಶಿಕ್ಷಕರ ನೇಮಕಾತಿ ವ್ಯಾಜ್ಯವಾಗಿದ್ದಾಗ ಅದರ ಸರಿ ತಪ್ಪು ಕೇಳದೆ, ಖಾಲಿ ಹುದ್ದೆಗಳ ಸಂಖ್ಯೆ ಮತ್ತು ಅತಿಥಿ ಶಿಕ್ಷಕರ ವ್ಯವಸ್ಥೆ ಮಾತ್ರ ಕೇಳಿದರೆ ಪ್ರಶ್ನೆ ಉಳಿಯುತ್ತದೆ.

ನಮ್ಮ ಶಾಸಕರು ಆಡಳಿತ ಪಕ್ಷದವರು, ತಮ್ಮ ಸಚಿವರನ್ನು ಕೇಳಲು ಹಿಂಜರಿಯುತ್ತಾರೆ. ಹೈಸ್ಕೂಲಿಗೆ ಹೋಗುವ ಹೆಣ್ಣುಮಕ್ಕಳಿಗೆ ಬೆಳಿಗ್ಗೆ ಬಸ್ಸಿಲ್ಲ. ಯಾರ ಹತ್ತಿರ ಹೋಗಬೇಕು?
— ಸ್ವಸಹಾಯ ಸಂಘದ ಸದಸ್ಯೆ, ಕೊಪ್ಪಳ ಜಿಲ್ಲೆ

ವಿಧಾನ ಪರಿಷತ್ತನ್ನು ಮರೆಯಬೇಡಿ ತಾಯಿ. ನಮ್ಮ ಮೂರೂ ಜಿಲ್ಲೆಗಳು ಈಶಾನ್ಯ ಪದವೀಧರ ಕ್ಷೇತ್ರ ಮತ್ತು ಈಶಾನ್ಯ ಶಿಕ್ಷಕರ ಕ್ಷೇತ್ರಕ್ಕೆ ಸೇರಿವೆ. ಆ ಸದಸ್ಯರೂ ಸಚಿವರನ್ನು ಪ್ರಶ್ನಿಸಬಹುದು, ಅವರು ನಿಮ್ಮ ತಾಲ್ಲೂಕಿನವರೇ ಆಗಿರಬೇಕಿಲ್ಲ. ಪಕ್ಕದ ಕ್ಷೇತ್ರದ ಪ್ರತಿಪಕ್ಷದ ಶಾಸಕರಿಗೂ ಕೊಡಬಹುದು.

ಬಸ್ಸಿನ ಪ್ರಶ್ನೆ ಸಾರಿಗೆ ಸಚಿವರಿಗೆ. ಬರೆಯುವ ಮೊದಲು ಒಂದು ವಾರ ನಿಲ್ದಾಣದಲ್ಲಿ ಲೆಕ್ಕ ಬರೆದಿಡಿ: ಶಾಲೆಯ ಗಂಟೆ ಎಷ್ಟಕ್ಕೆ, ಬಸ್ಸು ಬಂದದ್ದು ಎಷ್ಟಕ್ಕೆ, ನಿಲ್ಲಿಸದೆ ಹೋದ ಬಸ್ಸುಗಳೆಷ್ಟು, ಕಾದ ಮಕ್ಕಳೆಷ್ಟು, ಅವರಲ್ಲಿ ಪಾಸು ಇದ್ದವರೆಷ್ಟು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತವಾಗಿದೆ, ಹಾಗಾಗಿ ಪಾಸಿನ ಸಂಖ್ಯೆಯೊಂದನ್ನೇ ನೋಡಿದರೆ ಹುಡುಗಿಯರು ಲೆಕ್ಕಕ್ಕೇ ಸಿಗುವುದಿಲ್ಲ. ಅವರ ಹೆಸರು, ತರಗತಿಗಳ ಪಟ್ಟಿಯನ್ನು ಶಾಲೆಯ ದೃಢೀಕರಣದೊಂದಿಗೆ ಮಾಡಿ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮದ ಘಟಕ ವ್ಯವಸ್ಥಾಪಕರಿಗೆ ಮೊದಲು ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ. ಅನೇಕ ಬಾರಿ ಒಂದು ಟ್ರಿಪ್ಪಿನ ಸಮಯ ಅರ್ಧ ಗಂಟೆ ಮೊದಲಿಗೆ ಸರಿಸಿದರೆ ಅಲ್ಲಿಯೇ ಬಗೆಹರಿಯುತ್ತದೆ. ಆಗದಿದ್ದರೆ ಆ ಸ್ವೀಕೃತಿಯ ದಿನಾಂಕವೇ ಪರಿಷತ್ತಿನ ಪ್ರಶ್ನೆಯ ಮೊದಲ ಸಾಲಾಗಲಿ.