ಬ್ರೇಕಪ್ ಅವನಿಗೆ, ನಿದ್ದೆ ಹೋಗಿದ್ದು ಇವಳಿಗೆ

“ಮೇಡಂ, ಬ್ರೇಕಪ್ ಆಗಿರೋದು ನನ್ನ ಫ್ರೆಂಡಿಗೆ. ನಿದ್ದೆ ಹೋಗಿರೋದು ನನಗೆ.”

ಹಾಸನದ ನನ್ನ ಆಪ್ತಸಮಾಲೋಚನೆಯ ಕೊಠಡಿಯಲ್ಲಿ ಕೂತ ತಕ್ಷಣ ಸುಧಾ ಹೇಳಿದ್ದು ಇದನ್ನೇ. ವಯಸ್ಸು 26. (ಹೆಸರುಗಳನ್ನೂ ಗುರುತು ಸಿಗುವ ವಿವರಗಳನ್ನೂ ಬದಲಾಯಿಸಿದ್ದೇನೆ.) ಇವಳು, ಪವನ್, ಮೇಘಾ ಕಾಲೇಜಿನಲ್ಲಿ ಒಂದೇ ಗುಂಪು. ಪವನ್ ಮತ್ತು ಮೇಘಾ ನಾಲ್ಕು ವರ್ಷ ಪ್ರೀತಿಸಿದರು. ಮೇಘಾ ಬೆಂಗಳೂರಿಗೆ ಕೆಲಸಕ್ಕೆ ಹೋದಳು, ಆರು ತಿಂಗಳಿಗೆ ಸಾಕು ಅಂದಳು. ಅಂದಿನಿಂದ ಪವನ್ ದಿನಾ ರಾತ್ರಿ 11ಕ್ಕೆ ಸುಧಾಗೆ ಫೋನ್ ಮಾಡುತ್ತಾನೆ. ಒಂದು ಗಂಟೆಯಾದರೂ ಇಡುವುದಿಲ್ಲ.

ಇತ್ತ ಮನೆಯಲ್ಲಿ ಇವಳಿಗೆ ಗಂಡು ನೋಡುತ್ತಿದ್ದಾರೆ. ನಡುರಾತ್ರಿ ಪಿಸುಪಿಸು ಕೇಳಿಸಿಕೊಂಡ ಅಮ್ಮ ತಮ್ಮದೇ ಲೆಕ್ಕ ಹಾಕಿಯಾಗಿದೆ. ಅದಕ್ಕೇ ಇವಳು ಹಿತ್ತಿಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ, ಸ್ವೆಟರಿನ ಮೇಲೆ ಅಪ್ಪನ ಶಾಲು ಹೊದ್ದು ಕೂತು “ಹೂಂ, ಹೂಂ” ಅನ್ನುತ್ತಾಳೆ. ಡಿಸೆಂಬರ್‌ನಲ್ಲಿ, ಹಾಸನದಲ್ಲಿ!

ಪವನ್ ಸಾಯುವ ಮಾತು ಆಡಿದ್ದಾನಾ ಅಂತ ಮೊದಲು ಕೇಳಿದೆ. ಇಲ್ಲ ಅಂದಳು. ಕೇಳಲು ಅವಳಿಗೇ ಭಯ, ಕೇಳಿದರೆ ಆ ಯೋಚನೆಯನ್ನು ನಾವೇ ತಲೆಗೆ ತುಂಬಿದ ಹಾಗಲ್ವಾ ಅಂತ. ಹಾಗಾಗುವುದಿಲ್ಲ. ನೇರವಾಗಿ ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ, ಇದ್ದದ್ದು ಹೊರಗೆ ಬರುತ್ತದೆ. ಹೌದು ಅಂದರೆ ಗುಟ್ಟಾಗಿ ಇಟ್ಟುಕೊಳ್ಳಬೇಡ, ಅವನ ಮನೆಯವರಿಗೆ ಹೇಳು ಅಂದೆ. 14416, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರು, ಬರೆದುಕೊಟ್ಟೆ. ದಿನವಿಡೀ ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.

“ಸೀರಿಯಲ್‌ನಲ್ಲಿ ಫ್ರೆಂಡ್ಸು ಕೈ ಬಿಡಲ್ಲ ಮೇಡಂ, ನಾನು ಹೇಗೆ ಬಿಡಲಿ?” ಅಂದಳು. ಯಾವ ಸೀರಿಯಲ್ಲು? ‘ಹೌ ಐ ಮೆಟ್ ಯುವರ್ ಮದರ್’. 2005ರಿಂದ 2014ರವರೆಗೆ ಬಂದ ಅಮೆರಿಕದ ನಗೆ ಧಾರಾವಾಹಿ. ಮೂವರೂ ಕಾಲೇಜು ದಿನಗಳಲ್ಲಿ ಒಂದೇ ಲ್ಯಾಪ್‌ಟಾಪ್‌ನಲ್ಲಿ ನೋಡಿದ್ದಂತೆ. ಮಗಳ ದೆಸೆಯಿಂದ ನಾನೂ ನೋಡಿದ್ದೆ, ಅಷ್ಟು ಪುಣ್ಯ.

ಅದರಲ್ಲಿ ಮದುವೆ ನಿಶ್ಚಯವಾಗಿದ್ದ ಲಿಲಿ, ಚಿತ್ರಕಲೆ ಕಲಿಯಬೇಕು ಅಂತ ಮಾರ್ಷಲ್‌ನನ್ನು ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಾಳೆ. ಎರಡನೇ ಸೀಸನ್‌ನ ಮೊದಲ ಕಂತು ಪೂರ್ತಿ ಅವನ ಆ ಬೇಸಿಗೆಯ ಕಥೆ. “ಅವನನ್ನ ಸರಿ ಮಾಡಿದ್ದು ಯಾರು?” ಅಂತ ಕೇಳಿದೆ. ಸುಧಾ ಯೋಚಿಸಿದಳು. ಗೆಳೆಯ ಟೆಡ್ ಬೇಸ್‌ಬಾಲ್ ಪಂದ್ಯಕ್ಕೆ ಕರೆದುಕೊಂಡು ಹೋದ. ಗೆಳತಿ ರಾಬಿನ್ ಬಂದೂಕು ಹೊಡೆಯಲು ಕರೆದೊಯ್ದಳು. ಮನೆಗೆ ಬಂದರೆ ಮತ್ತೆ ಅದೇ ಮುಖ. ಕೊನೆಗೆ ಒಂದು ಬೆಳಗ್ಗೆ ಮಾರ್ಷಲ್ ತಾನೇ ಎದ್ದು ಪ್ಯಾನ್‌ಕೇಕ್ ಹುಯ್ದ. “ಯಾರೂ ಅಲ್ಲ ಅಲ್ವಾ ಮೇಡಂ” ಅಂದಳು. ನನಗೆ ಆ ಕಂತು ಇಷ್ಟವಾಗಿದ್ದು ಇದಕ್ಕೇ.

ಇನ್ನೊಂದು ವಿಷಯ ತಡವಾಗಿ ಹೊರಬಂತು. ಪವನ್‌ನನ್ನು ಮೇಘಾ ಬ್ಲಾಕ್ ಮಾಡಿದ್ದಾಳೆ. ಹಾಗಾಗಿ ಅವಳ ಸ್ಟೇಟಸ್ ನೋಡಿ ವರದಿ ಒಪ್ಪಿಸುವ ಕೆಲಸ ಸುಧಾದು. ಮಾರ್ಷಲ್ ಕೂಡ ಲಿಲಿಯ ಕ್ರೆಡಿಟ್ ಕಾರ್ಡ್ ಖರ್ಚು ನೋಡುತ್ತಾ ಕೂರುತ್ತಾನೆ. ನ್ಯೂಯಾರ್ಕಿಗೇ ಬಂದಿದ್ದಾಳೆ ಅಂದುಕೊಂಡು ಹೋಟೆಲಿಗೆ ಓಡಿದರೆ, ಅಲ್ಲಿದ್ದವನು ಅವಳ ಕಾರ್ಡ್ ಲಪಟಾಯಿಸಿದವನು! ಇದನ್ನು ನೆನಪಿಸಿದಾಗ ಸುಧಾ ನಕ್ಕಳು. ನಗುತ್ತಲೇ ಕಣ್ಣು ಒರೆಸಿಕೊಂಡಳು.

“ಮೇಘಾ ಜೊತೆ ನೀನು ಮಾತಾಡ್ತೀಯಾ?”

ಇಲ್ಲ. ಮೇಘಾ ಫೋನ್ ಮಾಡಿದರೆ ಎತ್ತುವುದಿಲ್ಲ, ಪವನ್‌ಗೆ ದ್ರೋಹ ಮಾಡಿದ ಹಾಗೆ ಅನ್ನಿಸುತ್ತದಂತೆ. ಲಿಲಿ ಬರೀ ಮಾರ್ಷಲ್‌ನ ಹುಡುಗಿಯಲ್ಲ, ಟೆಡ್‌ಗೂ ಕಾಲೇಜಿನ ಗೆಳತಿ. ಇಲ್ಲೂ ಹಾಗೇ. ಸುಧಾ, ಮೇಘಾ ಹಾಸ್ಟೆಲಿನಲ್ಲಿ ನಾಲ್ಕು ವರ್ಷ ಒಂದೇ ಕೋಣೆ, ಒಂದೇ ಬಕೆಟ್ಟು. “ನಿನಗೂ ಒಂದು ಬ್ರೇಕಪ್ ಆಗಿದೆ ಸುಧಾ. ಅದರ ಬಗ್ಗೆ ಯಾರೂ ಕೇಳಿಲ್ಲ” ಅಂದೆ. ತುಂಬಾ ಹೊತ್ತು ಅತ್ತಳು. ಅವತ್ತು ಮುಂದೆ ಏನೂ ಮಾತಾಡಲಿಲ್ಲ.

ಎರಡನೇ ಭೇಟಿಯಲ್ಲಿ ನಾನು ಕೊಟ್ಟ ಸಲಹೆ ಜಾಸ್ತಿಯೇನಿಲ್ಲ. ಫೋನ್ ರಾತ್ರಿ ಒಂಬತ್ತಕ್ಕೆ, ಅರ್ಧ ಗಂಟೆ. ಆದರೆ ಸುಮ್ನೆ ಎತ್ತದೇ ಇರಬೇಡ, ಮೊದಲೇ ಅವನಿಗೆ ಹೇಳು. ವರದಿ ಒಪ್ಪಿಸುವುದು ಇವತ್ತಿಗೇ ಬಂದ್. ಅವನಿಗೆ ಅಣ್ಣ ಇದ್ದಾನೆ, ಭಾನುವಾರದ ಕ್ರಿಕೆಟ್ ಗುಂಪಿದೆ, ಅವರೂ ಒಂದಷ್ಟು ಹೊರಲಿ. ಮೇಘಾ ಜೊತೆ ಮಾತಾಡು, ಪವನ್‌ಗೆ ತಿಳಿಸಿಯೇ ಮಾತಾಡು. ಮತ್ತೆ, ಅವರಿಬ್ಬರನ್ನು ಕೂಡಿಸಲು ಹೋಗಬೇಡ. ಧಾರಾವಾಹಿಯಲ್ಲಿ ಅದೇ ಸೀಸನ್ ಮುಗಿಯುವುದರೊಳಗೆ ಮಾರ್ಷಲ್–ಲಿಲಿ ಮದುವೆಯಾಗುತ್ತದೆ. ನನ್ನ ಪ್ರಕಾರ ಅದು ನೋಡುವವರಿಗೆ ಕೊಟ್ಟ ಲಂಚ. ಅಲ್ಲಿ ಮನೆಯ ಕೆಳಗೇ ಬಾರ್ ಇದೆ, ಗೆಳೆಯರು ಯಾವಾಗ ಬೇಕಾದರೂ ಕೂತು ಅಳಬಹುದು. ನಮ್ಮಲ್ಲಿ ಹಿತ್ತಿಲು, ಮೇಲೆ ಅಮ್ಮನ ಕಿವಿ.

ತಿಂಗಳ ನಂತರ ಬಂದಳು. ಒಂಬತ್ತರ ನಿಯಮಕ್ಕೆ ಪವನ್ ಎರಡು ದಿನ ಮುನಿಸಿಕೊಂಡಿದ್ದನಂತೆ. ಆಮೇಲೆ ಅವನೇ ಫೋನ್ ಮಾಡಿ, ಬೈಕ್ ಸರ್ವಿಸ್‌ಗೆ ಜಾಸ್ತಿ ದುಡ್ಡು ಕಿತ್ತರು ಅಂತ ಇಪ್ಪತ್ತು ನಿಮಿಷ ಬೈದ. ಮೇಘಾ ಹೆಸರು ಬರಲಿಲ್ಲ ಅನ್ನುವುದು ಇವಳಿಗೆ ಹೊಳೆದದ್ದು ಫೋನ್ ಇಟ್ಟ ಮೇಲೆ. ಮೇಘಾ ರಜೆಗೆ ಬಂದಿದ್ದಾಗ ಇಬ್ಬರೂ ಮಹಾರಾಜ ಪಾರ್ಕಿನಲ್ಲಿ ಕೂತು ಚುರುಮುರಿ ತಿಂದರಂತೆ.

“ನಿದ್ದೆ?” ಅಂದೆ.

“ಬರ್ತಿದೆ ಮೇಡಂ. ಅಮ್ಮನಿಗೇ ಅನುಮಾನ, ಇವಳು ಯಾಕೆ ಈಗ ಬೇಗ ಮಲಗ್ತಾಳೆ, ಹುಡುಗ ಕೈ ಕೊಟ್ನಾ ಅಂತ.”